ಆಂಪ್ಲಿಫೈಯರ್ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವುದಿಲ್ಲ



ಬಹರೈನ್‌ನಲ್ಲಿ ವಿದ್ಯುತ್, ಧ್ವನಿವ್ಯವಸ್ಥೆ, ಕಂಪ್ಯೂಟರ್ ಕೆಲಸ ಮಾಡುವವರು ನಮ್ಮಲ್ಲಿ ಅನೇಕರಿದ್ದೀರಿ. ಬೋರ್ಡಿನ ಮೇಲಿರುವ ಆಂಪ್ಲಿಫೈಯರ್‌ನ ವಿವರವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಹೇಗೆ ತಿಳಿಸುತ್ತೇವೆ ಎಂಬುದೇ ನನ್ನ ಇಂದಿನ ವಿಷಯ.

ಯುಎಸ್‌ಬಿ ಸ್ಪೀಕರ್ ಜೋಡಿಸಿದರೆ ಅದು ತನ್ನ ಹೆಸರು, ಗುಣಗಳನ್ನು ತಾನೇ ಹೇಳಿಕೊಳ್ಳುತ್ತದೆ. ಬೋರ್ಡಿಗೆ ಬೆಸುಗೆ ಹಾಕಿದ ಆಂಪ್ಲಿಫೈಯರ್ ಚಿಪ್ ಹಾಗಲ್ಲ. ಚಿಪ್ಪನ್ನು ನಡೆಸುವುದು ಹೇಗೆಂದು ಡ್ರೈವರ್‌ಗೆ ಗೊತ್ತು. ಆದರೆ ಈ ಬೋರ್ಡಿನಲ್ಲಿ ಅದನ್ನು ಯಾವ ತಂತಿಗೆ ಕಟ್ಟಿದ್ದಾರೆ ಎಂಬುದು ಗೊತ್ತಿಲ್ಲ. ಲಿನಕ್ಸ್‌ನಲ್ಲಿ ಅದನ್ನು ಬರೆದಿಡುವ ಕಡತಕ್ಕೆ ಡಿವೈಸ್ ಟ್ರೀ ಎಂದು ಹೆಸರು. ಇದರ ಬೇರು 1994ರ ಐಇಇಇ 1275 ಓಪನ್ ಫರ್ಮ್‌ವೇರ್ ಮಾನದಂಡದಲ್ಲಿದೆ. ಎಆರ್‌ಎಂ ಬೋರ್ಡುಗಳ ವಿವರವನ್ನು ಮೊದಲು ಕರ್ನಲ್‌ನೊಳಗೇ ಬರೆಯುತ್ತಿದ್ದರು. 2011ರ ನಂತರ ಅವೂ ಡಿವೈಸ್ ಟ್ರೀ ಕಡೆಗೆ ಹೊರಳಿದವು.

ನನ್ನದೇ ತಪ್ಪಿನ ಉದಾಹರಣೆ ಕೊಡುತ್ತೇನೆ. ನಾಟಕದ ತಾಲೀಮಿಗೆಂದು ಮನಾಮದ ನನ್ನ ಕೋಣೆಯಲ್ಲಿ ಒಂದು ರಾಸ್ಪ್‌ಬೆರಿ ಪೈಗೆ ಮ್ಯಾಕ್ಸ್98357ಎ ಎಂಬ ಪುಟ್ಟ ಆಂಪ್ಲಿಫೈಯರ್ ಕಟ್ಟಿದ್ದೆ. ಹಾಡು ಶುರುವಾದಾಗಲೆಲ್ಲ ‘ಟಪ್’ ಎಂಬ ಶಬ್ದ. ಸ್ಪೀಕರನ್ನು ದೂರಿದೆ, ಎರಡು ಸಲ ಬದಲಿಸಿದೆ. ಶಬ್ದ ಹೋಗಲಿಲ್ಲ. ತಪ್ಪು ಇದ್ದದ್ದು ನನ್ನ ವಿವರಣೆಯಲ್ಲಿ. ಈ ಚಿಪ್ಪಿಗೆ ಎಸ್‌ಡಿ-ಮೋಡ್ ಎಂಬ ಪಿನ್ ಇದೆ. ಚಿಪ್ಪನ್ನು ಮಲಗಿಸುವುದೂ ಎಬ್ಬಿಸುವುದೂ ಅದೇ. ಧ್ವನಿಯ ಗಡಿಯಾರ ಸಂಕೇತ ಸ್ಥಿರವಾಗುವ ಮೊದಲೇ ಚಿಪ್ ಎದ್ದರೆ ಸ್ಪೀಕರ್ ಬೆಚ್ಚಿಬೀಳುತ್ತದೆ. ಆ ಪಿನ್ನನ್ನು ನಾನು ನೇರವಾಗಿ ವಿದ್ಯುತ್ತಿಗೆ ಕಟ್ಟಿಬಿಟ್ಟಿದ್ದೆ. ನಂತರ ಅದನ್ನು ಪೈನ ಜಿಪಿಐಒ 4ಕ್ಕೆ ಜೋಡಿಸಿ, ಡಿವೈಸ್ ಟ್ರೀಯಲ್ಲಿ ಆ ಪಿನ್ನನ್ನೂ ‘ಎಸ್‌ಡಿಮೋಡ್-ಡಿಲೇ’ ಎಂಬ ಸಾಲಿನಲ್ಲಿ 5 ಮಿಲಿಸೆಕೆಂಡ್ ತಡವನ್ನೂ ಬರೆದೆ. ಸಮಸ್ಯೆ ಮುಗಿಯಿತು.

ಇಂಥ ವಿವರಣೆಯಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿರಬೇಕು.

ಒಂದು, ಚಿಪ್ ಯಾವುದು, ಎಲ್ಲಿದೆ. ‘ಕಂಪ್ಯಾಟಿಬಲ್’ ಸಾಲು ಚಿಪ್ಪಿನ ಹೆಸರು ಹೇಳುತ್ತದೆ. ಅದನ್ನು ನೋಡಿಯೇ ಕರ್ನಲ್ ಡ್ರೈವರನ್ನು ಆರಿಸುತ್ತದೆ. ಐ2ಸಿ ತಂತಿಯ ಮೇಲಿರುವ ಚಿಪ್ಪಾದರೆ ವಿಳಾಸವೂ ಬೇಕು. ಎಡಕ್ಕೊಂದು, ಬಲಕ್ಕೊಂದು ಒಂದೇ ಜಾತಿಯ ಚಿಪ್ ಇದ್ದಾಗ ವ್ಯತ್ಯಾಸ ತಿಳಿಯುವುದು ವಿಳಾಸದಿಂದಲೇ. ಅದು ಅದಲುಬದಲಾದರೆ ಎಡದ ಮಾತು ಬಲದಲ್ಲಿ ಕೇಳುತ್ತದೆ.

ಎರಡು, ತಂತಿಗಳು. ವಿದ್ಯುತ್ ಎಲ್ಲಿಂದ ಬರುತ್ತದೆ, ಚಾಲೂ ಮಾಡುವ ಪಿನ್ ಯಾವುದು, ಅದು ಮೇಲಿದ್ದಾಗ ಚಾಲೂ ಆಗುತ್ತದೆಯೋ ಕೆಳಗಿದ್ದಾಗಲೋ. ಇದನ್ನು ತಿರುವುಮುರುವಾಗಿ ಬರೆದರೆ ಹಾಡು ನಡೆಯುವಾಗ ಆಂಪ್ಲಿಫೈಯರ್ ಮಲಗಿರುತ್ತದೆ. ಲಾಗ್‌ನಲ್ಲಿ ದೋಷವೇನೂ ಕಾಣದು. ಏಕೆಂದರೆ ಡ್ರೈವರ್ ನಾವು ಹೇಳಿದ್ದನ್ನೇ ನಂಬಿ ಕೆಲಸ ಮಾಡಿರುತ್ತದೆ.

ಮೂರು, ಸಮಯ. ನನ್ನ 5 ಮಿಲಿಸೆಕೆಂಡಿನ ಕಥೆ ಇದಕ್ಕೆ ಸೇರಿದ್ದು.

ಬರೆಯಬಾರದ್ದೂ ಇದೆ. ಡಿವೈಸ್ ಟ್ರೀ ಇರುವುದನ್ನು ಹೇಳುವ ಕಡತ, ನಮಗೆ ಬೇಕಾದದ್ದನ್ನು ಕೇಳುವ ಕಡತವಲ್ಲ. ವಾಲ್ಯೂಮ್ ಎಷ್ಟಿರಬೇಕು ಎಂಬುದು ಬಳಕೆದಾರರ ಇಷ್ಟ; ಅದರ ಜಾಗ ಮಿಕ್ಸರ್. ಇನ್ನು ಕೆಲವನ್ನು ಕಡತದಿಂದ ಬದಲಿಸಲಾಗದು. ನಾನು ಹೇಳಿದ ಚಿಪ್ಪಿನ ಗೇನ್ 3, 6, 9, 12 ಅಥವಾ 15 ಡೆಸಿಬೆಲ್. ಅದನ್ನು ನಿರ್ಧರಿಸುವುದು ಗೇನ್ ಪಿನ್ನನ್ನು ಕಟ್ಟಿದ ರೀತಿ. ಸ್ಪೀಕರ್ ಕೂಡ ಹಾಗೆಯೇ. 5 ವೋಲ್ಟಿನಲ್ಲಿ 4 ಓಮ್ ಸ್ಪೀಕರ್‌ಗೆ ಸುಮಾರು 3 ವಾಟ್ ಸಿಕ್ಕರೆ, 8 ಓಮ್‌ಗೆ ಅದರ ಅರ್ಧದಷ್ಟು. ಅಲ್ಲಿ ಬೇಕಾಗುವುದು ಕೀಬೋರ್ಡ್ ಅಲ್ಲ, ಬೆಸುಗೆ ಕಡ್ಡಿ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಮೊದಲು ಸರ್ಕ್ಯೂಟ್ ನಕ್ಷೆ ಓದಿ, ತಂತಿಯನ್ನು ಮೀಟರ್ ಹಿಡಿದು ನೋಡಿ, ಆಮೇಲೆ ಬರೆಯಿರಿ. ನೆನಪಿನಿಂದ ಬರೆಯಬೇಡಿ. ನಾವಿಲ್ಲಿ ಕೆಲಸ ಬದಲಿಸುತ್ತೇವೆ, ಒಂದು ದಿನ ಊರಿಗೂ ಮರಳುತ್ತೇವೆ. ನಾವು ಕಟ್ಟಿದ ಆಂಪ್ಲಿಫೈಯರ್ ಇಲ್ಲಿನ ಯಾವುದೋ ಚಾವಣಿಯೊಳಗೆ ಉಳಿದಿರುತ್ತದೆ. ನಮ್ಮ ನಂತರ ಬರುವವನು ಮಲಯಾಳಿಯೋ, ಫಿಲಿಪಿನೋ, ಬಹರೈನಿಯೋ, ನಮ್ಮ ಮಂಗಳೂರಿನ ಹುಡುಗನೋ ಆಗಿರಬಹುದು. ಅವನು ಸುಮ್ಮನೆ ಎರಡು ಸ್ಪೀಕರ್ ಬದಲಿಸುವಂತಾಗದಿರಲಿ.