ಹೆಸರಿನ ಕೊನೆಯಲ್ಲಿರುವ ‘ಲಿಮಿಟೆಡ್’

ಸಂಸ್ಥೆಯ ಹೆಸರಿನ ಕೊನೆಯಲ್ಲಿರುವ ‘ಲಿಮಿಟೆಡ್’ ಪದವನ್ನು ಅನೇಕ ವ್ಯಾಪಾರಸ್ಥರು ಅದರ ಹಿರಿಮೆಯ ಗುರುತೆಂದು ಭಾವಿಸುವುದುಂಟು. ವಾಸ್ತವವಾಗಿ ಅದು ಸಾಲದ ಮೇಲೆ ಸರಕು ಕೊಡುವವರಿಗೆ ಕಾನೂನು ನೀಡುವ ಎಚ್ಚರಿಕೆ. ಷೇರು ಬಂಡವಾಳದಿಂದ ಪರಿಮಿತಗೊಂಡ ಕಂಪನಿಯು ಬಾಕಿ ತೀರಿಸಲಾಗದೆ ಹೋದರೆ, ಷೇರುದಾರರು ತಮ್ಮ ಷೇರುಗಳ ಮೇಲೆ ಇನ್ನೂ ಪಾವತಿಸದಿರುವ ಮೊತ್ತಕ್ಕೆ ಮಾತ್ರ ಹೊಣೆಗಾರರು. ಅವರ ಸ್ವಂತ ಆಸ್ತಿಯು ಸಾಮಾನ್ಯವಾಗಿ ಸುರಕ್ಷಿತ. ಈ ಪದವನ್ನು ಹೆಸರಿನ ಕೊನೆಯಲ್ಲಿ ಸೇರಿಸಬೇಕೆಂದು ಇಂಗ್ಲೆಂಡಿನ 1855ರ ಕಾಯಿದೆಯೇ ವಿಧಿಸಿತ್ತು.

ನಮ್ಮ ದೇಶದ 2013ರ ಕಂಪನಿಗಳ ಕಾಯಿದೆಯ 4ನೇ ಕಲಮಿನಂತೆ ಸಾರ್ವಜನಿಕ ಕಂಪನಿಯ ಹೆಸರು ‘ಲಿಮಿಟೆಡ್’ ಎಂದೂ, ಖಾಸಗಿ ಕಂಪನಿಯ ಹೆಸರು ‘ಪ್ರೈವೇಟ್ ಲಿಮಿಟೆಡ್’ ಎಂದೂ ಮುಗಿಯಬೇಕು. ಏಕವ್ಯಕ್ತಿ ಕಂಪನಿಯು ತನ್ನ ಹೆಸರಿನ ಕೆಳಗೆ ಆ ಸಂಗತಿಯನ್ನು ಆವರಣದೊಳಗೆ ನಮೂದಿಸಬೇಕು. 2008ರ ಕಾಯಿದೆಯಡಿ ನೋಂದಾಯಿತವಾದ ಪರಿಮಿತ ಹೊಣೆಗಾರಿಕೆಯ ಪಾಲುದಾರಿಕೆಗೆ ‘ಲಿಮಿಟೆಡ್ ಲಯಬಿಲಿಟಿ ಪಾರ್ಟ್‌ನರ್‌ಶಿಪ್’ ಅಥವಾ ‘ಎಲ್‌ಎಲ್‌ಪಿ’ ಎಂಬ ಅಂತ್ಯಪದ ಕಡ್ಡಾಯ. ಧರ್ಮಾರ್ಥ ಉದ್ದೇಶದ 8ನೇ ಕಲಮಿನ ಕಂಪನಿಗಳಿಗೆ ಮಾತ್ರ ‘ಲಿಮಿಟೆಡ್’ ಪದವನ್ನು ಬಿಡುವ ವಿನಾಯಿತಿಯಿದೆ. ಆದರೂ ಸದಸ್ಯರ ಹೊಣೆ ಪರಿಮಿತವೇ.

ಗೊಂದಲ ಹುಟ್ಟುವುದು ‘ಅಂಡ್ ಕಂಪನಿ’ ಎಂಬ ಹೆಸರಿನಿಂದ. ಇದು ಬಹುಮಟ್ಟಿಗೆ ಪಾಲುದಾರಿಕೆ ಸಂಸ್ಥೆಗಳು ಬಳಸುವ ಹೆಸರು. 1932ರ ಪಾಲುದಾರಿಕೆ ಕಾಯಿದೆಯ 25ನೇ ಕಲಮಿನ ಪ್ರಕಾರ ಅಲ್ಲಿ ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಸಾಲಕ್ಕೆ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರ. ನಷ್ಟವಾದರೆ ಅವನ ಮನೆಯೂ ಜಪ್ತಿಗೆ ಒಳಗಾಗಬಹುದು. ಇನ್ನು ‘ನಿಯಮಿತ’ ಎಂಬ ಕನ್ನಡ ಪದವನ್ನು ಸರ್ಕಾರಿ ಕಂಪನಿಗಳಂತೆಯೇ ಸಹಕಾರ ಸಂಘಗಳೂ ಬಳಸುತ್ತವೆ. ಆದುದರಿಂದ ಆ ಪದವೊಂದನ್ನೇ ನೋಡಿ ಕಂಪನಿಯೆಂದು ನಿರ್ಧರಿಸಲಾಗದು.

ಅಂತ್ಯಪದವು ಆರ್ಥಿಕ ಬಲವನ್ನು ತೋರಿಸುವುದಿಲ್ಲ. ಖಾಸಗಿ ಕಂಪನಿಗೆ ಇದ್ದ 1 ಲಕ್ಷ ರೂಪಾಯಿಗಳ ಕನಿಷ್ಠ ಪಾವತಿತ ಬಂಡವಾಳದ ಷರತ್ತನ್ನು 2015ರ ತಿದ್ದುಪಡಿ ತೆಗೆದುಹಾಕಿದೆ. ಅಂದರೆ ಅತ್ಯಲ್ಪ ಬಂಡವಾಳದ ಕಂಪನಿಯೂ ‘ಪ್ರೈವೇಟ್ ಲಿಮಿಟೆಡ್’ ಆಗಿರಬಲ್ಲದು. ಆದ್ದರಿಂದ ದೊಡ್ಡ ಮೊತ್ತದ ಸರಕನ್ನು ಸಾಲದ ಮೇಲೆ ಕೊಡುವ ಮುನ್ನ ಬಿಲ್ಲು ಅಥವಾ ಪತ್ರದ ತಲೆಬರಹದಲ್ಲಿರುವ 21 ಅಕ್ಷರ–ಅಂಕಿಗಳ ಕಂಪನಿ ಗುರುತಿನ ಸಂಖ್ಯೆಯನ್ನು ಗಮನಿಸಿ, ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ಪಾವತಿತ ಬಂಡವಾಳವನ್ನೂ ಆಸ್ತಿಗಳ ಮೇಲಿನ ಋಣಭಾರವನ್ನೂ ಪರಿಶೀಲಿಸುವುದು ಒಳಿತು. ಸಂದೇಹವಿದ್ದಲ್ಲಿ ನಿರ್ದೇಶಕರಿಂದ ವೈಯಕ್ತಿಕ ಖಾತರಿ ಪತ್ರ ಪಡೆಯಬೇಕು. ಹಾಗೆ ಸಹಿ ಮಾಡಿದವರಿಗೆ ಆ ಸಾಲದ ಮಟ್ಟಿಗೆ ಪರಿಮಿತ ಹೊಣೆಯ ರಕ್ಷಣೆ ಇರುವುದಿಲ್ಲ.

ನೋಂದಣಿಯಿಲ್ಲದೆ ‘ಲಿಮಿಟೆಡ್’ ಅಥವಾ ‘ಪ್ರೈವೇಟ್ ಲಿಮಿಟೆಡ್’ ಎಂಬ ಪದಗಳನ್ನು ಬಳಸಿದರೆ 453ನೇ ಕಲಮಿನಡಿ ದಿನವೊಂದಕ್ಕೆ 500ರಿಂದ 2,000 ರೂಪಾಯಿಗಳವರೆಗೆ ದಂಡವಿದೆ. ನಾಮಫಲಕ ಬರೆಯಿಸುವವರೂ ಅದನ್ನು ನಂಬಿ ಸರಕು ಕೊಡುವವರೂ ಈ ಅಂತ್ಯಪದವನ್ನು ಲಘುವಾಗಿ ಪರಿಗಣಿಸಬಾರದು.