ಸ್ಪೈಕ್ ಆಚೆಗಿನ ವೈರಸ್: ಡೆಲ್ಟಾ ಯಾಕೆ ಅಷ್ಟು ಹಬ್ಬಿತು, ಓಮಿಕ್ರಾನ್ ಯಾಕೆ ಮೆತ್ತಗಾಯ್ತು?

2021ರ ಮೇ 4. ಬೆಂಗಳೂರು ಬೆಡ್‌ಗಾಗಿ ಪರದಾಡುತ್ತಿತ್ತು. ಜಯನಗರದಲ್ಲಿದ್ದ ಬಿಬಿಎಂಪಿ ದಕ್ಷಿಣ ವಲಯದ ಕೋವಿಡ್ ವಾರ್ ರೂಮಿಗೆ ಶಾಸಕರ ಜೊತೆ ಬಂದ ಸಂಸದ ತೇಜಸ್ವಿ ಸೂರ್ಯ, ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯಿದ್ದ ಕಡೆ 17 ಮುಸ್ಲಿಂ ಹೆಸರುಗಳನ್ನು ಓದಿದ್ದು ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ಇನ್ನೊಂದು ಪಟ್ಟಿಯೂ ತಯಾರಾಗುತ್ತಿತ್ತು. ಕೆಲವೇ ಕಿಲೋಮೀಟರ್ ಆಚೆಯ ನಿಮ್ಹಾನ್ಸ್‌ ಸೇರಿದಂತೆ ದೇಶದ ಹಲವು ಲ್ಯಾಬ್‌ಗಳು, ಇನ್ಸಾಕಾಗ್ ಜಾಲದ ಭಾಗವಾಗಿ, ವೈರಸ್‌ನ ಜೀನೋಮ್‌ನಲ್ಲಿ ಎಲ್ಲೆಲ್ಲಿ ಬದಲಾವಣೆ ಆಗಿದೆ ಅಂತ ಓದುತ್ತಿದ್ದವು. ಆ ಪಟ್ಟಿಯ ಬಗ್ಗೆ ಟಿವಿಯಲ್ಲಿ ಚರ್ಚೆ ನಡೆದಿದ್ದು ತೀರಾ ಕಡಿಮೆ. ನಡೆದಾಗಲೂ ಮಾತೆಲ್ಲ ಸ್ಪೈಕ್ ಪ್ರೊಟೀನ್ ಸುತ್ತಲೇ ಸುತ್ತಿತು.

ಸ್ಪೈಕ್‌ಗೆ ಅಷ್ಟು ಹೆಸರು ಬಂದಿದ್ದಕ್ಕೆ ಕಾರಣ ಇದೆ. ವೈರಸ್ ನಮ್ಮ ಜೀವಕೋಶದ ಬಾಗಿಲು ತೆಗೆಯೋದು ಅದರಿಂದಲೇ. ಕೋವಿಶೀಲ್ಡ್‌ನಂಥ ಲಸಿಕೆಗಳು ದೇಹಕ್ಕೆ ಪರಿಚಯಿಸಿದ್ದೂ ಅದನ್ನೇ. ಆದರೆ ಲೆಕ್ಕ ನೋಡಿ: ವೈರಸ್‌ನ ಜೀನೋಮ್‌ನಲ್ಲಿ ಸುಮಾರು 30,000 ಅಕ್ಷರಗಳಿವೆ, ಸ್ಪೈಕ್‌ನ ಪಾಲು ಸುಮಾರು 3,800. ಅಂದರೆ ಎಂಟರಲ್ಲಿ ಒಂದು ಭಾಗ. ಒಳಗೆ ಬಂದ ವೈರಸ್ ಎಷ್ಟು ಮರಿ ಹಾಕುತ್ತೆ, ನಮ್ಮ ದೇಹದ ಕಾವಲನ್ನು ಹೇಗೆ ಯಾಮಾರಿಸುತ್ತೆ ಅನ್ನೋದನ್ನ ಬಹುಪಾಲು ನಿರ್ಧರಿಸೋದು ಉಳಿದ ಏಳು ಭಾಗ.

ಮೊದಲು ಡೆಲ್ಟಾ. ಅದರ ಸ್ಪೈಕ್ ಬದಲಾಗಿತ್ತು ನಿಜ. ಜೊತೆಗೆ ಎನ್ ಪ್ರೊಟೀನ್ ಕೂಡ ಬದಲಾಗಿತ್ತು. ವೈರಸ್‌ನ ಆರ್‌ಎನ್‌ಎಯನ್ನು ಸುತ್ತಿ, ಮಡಚಿ ಹೊಸ ಕಣದೊಳಗೆ ತುಂಬೋದು ಇದರ ಕೆಲಸ. ಒಂಥರಾ ಪ್ಯಾಕಿಂಗ್ ವಿಭಾಗ. ಡೆಲ್ಟಾದಲ್ಲಿ ಈ ಪ್ರೊಟೀನಿನ 203ನೇ ಸ್ಥಾನದಲ್ಲಿ ಆರ್ಜಿನೀನ್ ಹೋಗಿ ಮೆಥಿಯೋನಿನ್ ಬಂದಿತ್ತು. 2021ರ ನವೆಂಬರ್‌ನಲ್ಲಿ ನೊಬೆಲ್ ವಿಜೇತೆ ಜೆನ್ನಿಫರ್ ಡೌಡ್ನಾ ಅವರ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗ ತರದ ವೈರಸ್‌ನಂಥ ಕಣಗಳಲ್ಲಿ ಈ ಒಂದೇ ಬದಲಾವಣೆ ಮಾಡಿದಾಗ ಜೀವಕೋಶಕ್ಕೆ ತಲುಪಿದ ಆರ್‌ಎನ್‌ಎ ಸುಮಾರು ಹತ್ತು ಪಟ್ಟು ಹೆಚ್ಚಾಯಿತು. ನಿಜವಾದ ವೈರಸ್‌ನಲ್ಲಿ ಪರೀಕ್ಷಿಸಿದಾಗ ಉತ್ಪಾದನೆ ಐವತ್ತು ಪಟ್ಟು ದಾಟಿತು. ಸ್ಪೈಕ್ ಮಾತ್ರ ನೋಡುತ್ತಾ ಕೂತಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಅದಕ್ಕೂ ಮೊದಲು ಬಂದ ಆಲ್ಫಾದ್ದು ಬೇರೆ ಉಪಾಯ. ಸೋಂಕು ತಗುಲಿದ ಜೀವಕೋಶ ಇಂಟರ್‌ಫೆರಾನ್ ಬಿಟ್ಟು ಸುತ್ತಲಿನ ಕೋಶಗಳಿಗೆ 'ಹುಷಾರು' ಅಂತ ಕೂಗುತ್ತೆ. ಆಲ್ಫಾ, ಓಆರ್‌ಎಫ್9ಬಿ ಮತ್ತು ಓಆರ್‌ಎಫ್6 ಎಂಬ ಪುಟ್ಟ ಪ್ರೊಟೀನ್‌ಗಳನ್ನು ಹೆಚ್ಚು ಹೆಚ್ಚು ಮಾಡಿ ಆ ಕೂಗನ್ನೇ ಅಡಗಿಸುತ್ತಿತ್ತು. ಇವೆರಡೂ ಸ್ಪೈಕ್‌ನ ಹೊರಗಿನವು. ಉಲ್ಟಾ ಉದಾಹರಣೆಯೂ ಇದೆ: 2020ರ ಆರಂಭದಲ್ಲಿ ಸಿಂಗಪುರದಲ್ಲಿ ಓಆರ್‌ಎಫ್8 ಭಾಗದಲ್ಲಿ 382 ಅಕ್ಷರ ಕಳೆದುಕೊಂಡ ವೈರಸ್ ಸಿಕ್ಕಿತ್ತು. ಅದು ತಗುಲಿದವರ ಕಾಯಿಲೆ ಸೌಮ್ಯವಾಗಿತ್ತು.

ಇನ್ನು ಓಮಿಕ್ರಾನ್. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪ್ರಕಟವಾದಾಗ ಎರಡೂ ಬೆಂಗಳೂರಿನವೇ. ಸ್ಪೈಕ್‌ನಲ್ಲಿ 30ಕ್ಕೂ ಹೆಚ್ಚು ಬದಲಾವಣೆ ಅಂತ ಎಲ್ಲರೂ ಹೆದರಿದೆವು, ಕೆಲವೇ ವಾರದಲ್ಲಿ 'ಮೈಲ್ಡ್ ಬಿಡಿ' ಅಂದೆವು. ಮೈಲ್ಡ್ ಆಗಿದ್ದಕ್ಕೆ ಲಸಿಕೆ ಮತ್ತು ಹಿಂದಿನ ಸೋಂಕು ಕೊಟ್ಟ ರಕ್ಷಣೆ ದೊಡ್ಡ ಕಾರಣ. ಆದರೆ ವೈರಸ್ ಒಳಗೂ ಏನೋ ಬದಲಾಗಿತ್ತು. ಬೋಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಹುಡುಕಲು ಹಳೇ ವೈರಸ್‌ಗೆ ಓಮಿಕ್ರಾನ್‌ನ ಸ್ಪೈಕ್ ಜೋಡಿಸಿದರು. ಪ್ರಯೋಗದ ಇಲಿಗಳಲ್ಲಿ ಹಳೇ ವೈರಸ್ ತಗುಲಿದವು ಎಲ್ಲವೂ ಸತ್ತವು, ಓಮಿಕ್ರಾನ್ ತಗುಲಿದವು ಒಂದೂ ಸಾಯಲಿಲ್ಲ. ಜೋಡಿಸಿದ ವೈರಸ್ ತಗುಲಿದವುಗಳಲ್ಲಿ ಶೇ. 80ರಷ್ಟು ಸತ್ತವು. ಅಂದರೆ ಓಮಿಕ್ರಾನ್‌ನ ಮೆತ್ತಗಿನ ಗುಣವನ್ನು ಸ್ಪೈಕ್ ಒಂದೇ ತಂದಿರಲಿಲ್ಲ. 2023ರಲ್ಲಿ 'ನೇಚರ್'ನಲ್ಲಿ ಬಂದ ಅವರ ವರದಿ, ಸ್ಪೈಕ್ ಜೊತೆಗೆ ಎನ್‌ಎಸ್‌ಪಿ6 ಎಂಬ ಪ್ರೊಟೀನ್ ಕಡೆಗೂ ಬೆರಳು ತೋರಿಸಿತು. ಆ ಇಲಿಗಳು ಈ ಸೋಂಕಿಗೆ ಮನುಷ್ಯರಿಗಿಂತ ಬೇಗ ಬಲಿಯಾಗುವಂಥವು, ಹಾಗಾಗಿ ಈ ಶೇಕಡಾವಾರನ್ನು ನಮಗೆ ನೇರವಾಗಿ ಅನ್ವಯಿಸಬಾರದು. ಕಲಿಯಬೇಕಾದ್ದು ದಿಕ್ಕನ್ನು.

ಈ ದಿಕ್ಕು ರಾಜಕೀಯಕ್ಕೂ ಸಂಬಂಧಪಟ್ಟಿದ್ದು. 'ವೈರಸ್ ಬರಬರುತ್ತಾ ಸೌಮ್ಯವಾಗುತ್ತೆ' ಅನ್ನೋದು ಪ್ರಕೃತಿಯ ನಿಯಮವಲ್ಲ. ಕೆಲವು ಬದಲಾವಣೆಗಳು ಸೇರಿ ಬಂದ ಗುಣ ಇನ್ನು ಕೆಲವು ಬದಲಾವಣೆಗಳಿಂದ ಹೋಗಲೂಬಹುದು. ರ‍್ಯಾಪಿಡ್ ಆಂಟಿಜೆನ್ ಟೆಸ್ಟ್ ಹುಡುಕೋದು ಎನ್ ಪ್ರೊಟೀನನ್ನು. ಎರಡನೇ ಅಲೆಯಲ್ಲಿ ಜನ ಬ್ಲ್ಯಾಕ್‌ನಲ್ಲಿ ಕೊಂಡ ರೆಮ್‌ಡೆಸಿವಿರ್ ಗುರಿಯಿಡೋದು ವೈರಸ್‌ನ ನಕಲು ಯಂತ್ರಕ್ಕೆ. ಎರಡೂ ಸ್ಪೈಕ್‌ನ ಆಚೆಗಿವೆ. ಅಲ್ಲಿ ಏನಾಗ್ತಿದೆ ಅಂತ ನೋಡದಿದ್ದರೆ ಟೆಸ್ಟ್, ಔಷಧಿ ಕೈಕೊಟ್ಟಾಗ ಕಾರಣವೇ ತಿಳಿಯೋದಿಲ್ಲ.

ನೋಡೋದಕ್ಕೆ ನಮ್ಮೂರಲ್ಲೇ ದಾರಿ ಇದೆ. 2022ರ ಜನವರಿಯಿಂದ ಜೂನ್‌ವರೆಗೆ ಬೆಂಗಳೂರಿನ ವಿಜ್ಞಾನಿಗಳು 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತಂದು ವೈರಸ್‌ನ ಜೀನೋಮ್ ಓದಿದರು. ಸುಮಾರು 1.1 ಕೋಟಿ ಜನರ ಚಿತ್ರ, ಯಾರ ಮೂಗಿಗೂ ಕಡ್ಡಿ ಹಾಕದೆ! ಮೋರಿ ನೀರಿಗೆ ಬಿಟಿಎಂನ ಪಿಜಿ, ಜೆಪಿ ನಗರದ ಅಪಾರ್ಟ್‌ಮೆಂಟ್ ಅನ್ನೋ ಭೇದವಿಲ್ಲ. ಟೆಸ್ಟ್‌ಗೆ ದುಡ್ಡಿಲ್ಲದವರೂ, ರಜೆ ಸಿಗದವರೂ ಅದರಲ್ಲಿ ಲೆಕ್ಕಕ್ಕೆ ಸಿಗುತ್ತಾರೆ.

ಹಾಗಾಗಿ ವಾರ್ಡ್ ಸಭೆಯಲ್ಲಿ, ಚುನಾವಣೆಯಲ್ಲಿ ಕೇಳಬೇಕಾದ ಪ್ರಶ್ನೆ ಸರಳ: ಕೊಳಚೆ ನೀರಿನ ನಿಗಾ ಪಾಲಿಕೆ ಬಜೆಟ್‌ನ ಕಾಯಂ ಬಾಬ್ತಾಗಿದೆಯಾ? ಪೂರ್ತಿ ಜೀನೋಮ್ ಓದ್ತಿದ್ದೀರಾ? ಫಲಿತಾಂಶವನ್ನು ನಮ್ಮ ಮುಂದೆ ಇಡ್ತಿದ್ದೀರಾ? ಮುಂದಿನ ಅಲೆ ಬಂದಾಗ ಓದೋದಕ್ಕೆ ಈ ಪಟ್ಟಿ ಇರದಿದ್ದರೆ, ಮತ್ತೆ ಯಾರದೋ ಹೆಸರುಗಳ ಪಟ್ಟಿಯನ್ನೇ ಓದುತ್ತಾರೆ.