ಸಾರಿನ ಪುಡಿಯಲ್ಲಿ ಪ್ರೋಟೀನ್ ಎಷ್ಟು?

ಧನಿಯಾ, ಜೀರಿಗೆ, ಒಣಮೆಣಸಿನಕಾಯಿ, ಅರಿಸಿನ. ಇವುಗಳಿಂದ ಒಬ್ಬ ಭಾರತೀಯನಿಗೆ ದಿನಕ್ಕೆ ಎಷ್ಟು ಪ್ರೋಟೀನ್ ಸಿಗಬಹುದು? ಇಂಥದ್ದನ್ನೂ ಲೆಕ್ಕ ಇಡುತ್ತಾರಾ ಎಂದು ನಗಬೇಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1961ರಿಂದಲೂ ದೇಶವಾರು ಇಡುತ್ತಾ ಬಂದಿದೆ. ಈ ಸೆಮಿಸ್ಟರ್‌ನ ಡೇಟಾ ಅನಾಲಿಸಿಸ್ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನನ್ನ ಕಣ್ಣಿಗೆ ಬಿದ್ದದ್ದು ಈ ಲೆಕ್ಕವೇ.

ಸೂತ್ರ ಸುಲಭ. ದೇಶದಲ್ಲಿ ಬೆಳೆದದ್ದಕ್ಕೆ ಆಮದನ್ನು ಕೂಡಿಸಿ, ರಫ್ತು ಕಳೆಯಿರಿ. ದಾಸ್ತಾನಿನ ಏರಿಳಿತ ಸರಿದೂಗಿಸಿ, ಬಿತ್ತನೆಗೆ ಹೋದದ್ದು, ಹಾಳಾದದ್ದು ಬಿಡಿ. ಉಳಿದದ್ದನ್ನು ಜನಸಂಖ್ಯೆಯಿಂದಲೂ 365 ದಿನಗಳಿಂದಲೂ ಭಾಗಿಸಿ, ಆ ಪದಾರ್ಥದ ಪ್ರೋಟೀನ್ ಪ್ರಮಾಣದಿಂದ ಗುಣಿಸಿದರೆ ಆಯಿತು. ಇದು ತಲಾ ಪೂರೈಕೆಯ ಲೆಕ್ಕವೇ ಹೊರತು ನಾವು ನಿಜವಾಗಿ ತಿಂದದ್ದರ ಲೆಕ್ಕವಲ್ಲ. ತಟ್ಟೆಯಂಚಿಗೆ ಎತ್ತಿಟ್ಟ ಮೆಣಸಿನಕಾಯಿಯೂ ಇದರಲ್ಲಿ ಸೇರಿದೆ!

ಮಸಾಲೆ ಪದಾರ್ಥಗಳಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಂತಿಲ್ಲ. ನೂರು ಗ್ರಾಂ ಧನಿಯಾ ಅಥವಾ ಒಣಮೆಣಸಿನಕಾಯಿಯಲ್ಲಿ ಸುಮಾರು 12 ಗ್ರಾಂ ಇದ್ದರೆ, ಮೆಂತ್ಯದಲ್ಲಿ 23ರಿಂದ 25 ಗ್ರಾಂ ಇದೆ, ಹೆಚ್ಚುಕಡಿಮೆ ತೊಗರಿಬೇಳೆಯಷ್ಟೇ. ಆದರೆ ನೂರು ಗ್ರಾಂ ಮೆಂತ್ಯ ತಿನ್ನುವವರು ಯಾರು? ದಿನಕ್ಕೆ ಎಂಟು ಗ್ರಾಂ ಮಸಾಲೆ ಹೊಟ್ಟೆಗೆ ಹೋಯಿತು ಎಂದುಕೊಂಡರೂ ಸಿಗುವುದು ಒಂದು ಗ್ರಾಂ ಆಸುಪಾಸಿನ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಇರುತ್ತದೆ.

ಇನ್ನು ಟ್ರೆಂಡ್. 1961ರಲ್ಲಿ ನಾವು 44 ಕೋಟಿ ಇದ್ದೆವು, ಈಗ 140 ಕೋಟಿ ದಾಟಿದ್ದೇವೆ. ಮಸಾಲೆ ಬೆಳೆ ಅದಕ್ಕಿಂತಲೂ ಜೋರಾಗಿ ಏರಿದೆ. ಗುಂಟೂರು, ಬ್ಯಾಡಗಿಯ ಮೆಣಸಿನಕಾಯಿ, ಉಂಝಾದ ಜೀರಿಗೆ, ನಿಜಾಮಾಬಾದ್‌ನ ಅರಿಸಿನದ ಮಾರುಕಟ್ಟೆಗಳೇ ಸಾಕ್ಷಿ. 2023–24ರಲ್ಲಿ 15 ಲಕ್ಷ ಟನ್‌ಗೂ ಹೆಚ್ಚು ಮಸಾಲೆ ಪದಾರ್ಥ ರಫ್ತಾಗಿದೆ. ಅಷ್ಟು ಹೊರಗೆ ಹೋದ ಮೇಲೂ ತಲೆಗೆ ಸಿಗುವ ಪಾಲು ಹಿಂದಿಗಿಂತ ಹೆಚ್ಚೇ. ಗ್ರಾಫ್ ಮೇಲಕ್ಕೆ ಹೋಗುತ್ತದೆ, ನೋಡಲು ಚೆಂದ.

ಪಕ್ಕದಲ್ಲೇ ಬೇಳೆಕಾಳಿನ ಗ್ರಾಫ್ ಇಟ್ಟು ನೋಡಿ. ಸರ್ಕಾರದ ಆರ್ಥಿಕ ಸಮೀಕ್ಷೆಯ ಪ್ರಕಾರ 1961ರಲ್ಲಿ ಒಬ್ಬರಿಗೆ ದಿನಕ್ಕೆ 69 ಗ್ರಾಂ ಬೇಳೆಕಾಳು ಲಭ್ಯವಿತ್ತು. 2000ದ ಹೊತ್ತಿಗೆ ಅದು 32 ಗ್ರಾಂಗೆ ಕುಸಿಯಿತು. ಹಸಿರುಕ್ರಾಂತಿಯಲ್ಲಿ ನೀರಾವರಿ ಜಮೀನು ಗೋಧಿ, ಭತ್ತದ ಪಾಲಾಯಿತು, ಬೇಳೆಕಾಳು ಮಳೆಯಾಶ್ರಿತ ಹೊಲಗಳಲ್ಲೇ ಉಳಿಯಿತು. ಆಮೇಲೆ ಸ್ವಲ್ಪ ಚೇತರಿಸಿಕೊಂಡರೂ ಹಳೆಯ ಮಟ್ಟ ಮುಟ್ಟಿಲ್ಲ. ಆ 37 ಗ್ರಾಂ ಬೇಳೆ ಎಂದರೆ ಸುಮಾರು ಎಂಟು ಗ್ರಾಂ ಪ್ರೋಟೀನ್. ಮಸಾಲೆ ಎಷ್ಟೇ ಏರಿದರೂ ಈ ಹಳ್ಳ ತುಂಬುವುದಿಲ್ಲ.

ಹಾಸ್ಟೆಲ್ ಊಟ ಮಾಡುವವರಿಗೆ ಈ ಎರಡು ಗ್ರಾಫ್‌ಗಳನ್ನು ವಿವರಿಸಿ ಹೇಳಬೇಕಿಲ್ಲ. ನಮ್ಮ ಮೆಸ್ಸಿನ ಸಾರಿನಲ್ಲಿ ಖಾರಕ್ಕೆ ಬರವಿಲ್ಲ, ಬಣ್ಣಕ್ಕೂ ಬರವಿಲ್ಲ. ಬೇಳೆಗೆ ಮಾತ್ರ ಸೌಟು ಹಾಕಿ ಹುಡುಕಬೇಕು. ತೊಗರಿಬೇಳೆ ದರ ಏರಿದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಪಿ.ಜಿ.ಗಳಲ್ಲಿರುವ ಕೆಲಸ ಹುಡುಕುವ ಸ್ನೇಹಿತರದ್ದೂ ಇದೇ ಕಥೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ–ಸಾರು, ರಾತ್ರಿ ಮತ್ತೆ ಅನ್ನ. ಹೊಟ್ಟೆ ತುಂಬುತ್ತದೆ, ಬಾಯಿ ಚುರ್ ಎನ್ನುತ್ತದೆ, ಪ್ರೋಟೀನ್ ಮಾತ್ರ ಸಾಲುವುದಿಲ್ಲ.

ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ. ಅನ್ನದಲ್ಲೂ ಪ್ರೋಟೀನ್ ಇದೆ, ಆದರೆ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಆ ಕೊರತೆ ನೀಗಿಸುವುದು ಬೇಳೆಕಾಳು. ಹಿರಿಯರು ಅನ್ನದ ಜೊತೆ ಬೇಳೆ ಸಾರು, ಮುದ್ದೆಯ ಜೊತೆ ಹುರುಳಿ ಸಾರು ಮಾಡಿದ್ದರ ಹಿಂದೆ ಇಷ್ಟು ಲೆಕ್ಕ ಅಡಗಿದೆ. ಅಮ್ಮ ಹುಳಿಪುಡಿಗೆ ಕಡಲೆಬೇಳೆ, ಉದ್ದಿನಬೇಳೆ ಹುರಿದು ಹಾಕುತ್ತಾಳಲ್ಲ, ಅಂಕಿಅಂಶದಲ್ಲಿ ಅದು ಮಸಾಲೆಗೆ ಸೇರುವುದಿಲ್ಲ, ಬೇಳೆಕಾಳಿನ ಲೆಕ್ಕಕ್ಕೆ ಹೋಗುತ್ತದೆ.

ಪಟ್ಟಿ ಮಾಡುವವರ ಇಂಥ ವಿಂಗಡಣೆಯನ್ನೂ ಗಮನಿಸಬೇಕು. ನಮ್ಮ ಸಾಂಬಾರ ಮಂಡಳಿಗೆ ಬೆಳ್ಳುಳ್ಳಿ ಮಸಾಲೆ ಪದಾರ್ಥ, ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದು ತರಕಾರಿ. ಸಾಸಿವೆ ಅಲ್ಲಿ ಎಣ್ಣೆಕಾಳು. ಹೀಗಾಗಿ ಎರಡು ಪಟ್ಟಿಗಳನ್ನು ಹಾಗೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಗ್ರೂಪ್ ಡಿಸ್ಕಷನ್‌ನಲ್ಲೋ ಇಂಟರ್‌ವ್ಯೂನಲ್ಲೋ ಯಾರಾದರೂ ‘ಇಷ್ಟು ಪರ್ಸೆಂಟ್ ಏರಿಕೆ’ ಎಂದರೆ ಮೂರು ಪ್ರಶ್ನೆ ಕೇಳಿ: ಯಾವುದನ್ನು ಎಣಿಸಿದ್ದಾರೆ? ಎಷ್ಟರಿಂದ ಎಷ್ಟಕ್ಕೆ ಏರಿತು? ಪಕ್ಕದಲ್ಲಿ ಏನು ಇಳಿಯಿತು? ಅರ್ಧ ಗ್ರಾಂ ಇದ್ದದ್ದು ಒಂದು ಗ್ರಾಂ ಆದರೂ ಅದು ನೂರು ಪರ್ಸೆಂಟ್ ಏರಿಕೆಯೇ!

ಪ್ರೋಟೀನ್ ಪೌಡರ್ ಡಬ್ಬಕ್ಕೆ ಸಾವಿರಾರು ರೂಪಾಯಿ ಸುರಿಯಲು ನಮ್ಮಲ್ಲಿ ಹೆಚ್ಚಿನವರಿಗೆ ಆಗದು, ಅದರ ಅಗತ್ಯವೂ ಇಲ್ಲ. ರಾತ್ರಿ ನೆನೆಸಿಟ್ಟ ಒಂದು ಹಿಡಿ ಕಡಲೆಕಾಳು, ಸಂಜೆ ಶೇಂಗಾ, ಊಟಕ್ಕೊಂದು ಕಪ್ ಮೊಸರು, ತಿನ್ನುವವರಾದರೆ ಮೊಟ್ಟೆ. ಮೆಸ್ ಕಮಿಟಿಯಲ್ಲಿದ್ದರೆ ಮುಂದಿನ ಮೀಟಿಂಗಿನಲ್ಲಿ ಉಪ್ಪು–ಖಾರದ ಚರ್ಚೆ ಪಕ್ಕಕ್ಕಿಟ್ಟು, ನೂರು ಜನರ ಸಾರಿಗೆ ಎಷ್ಟು ಕಿಲೋ ಬೇಳೆ ಹಾಕುತ್ತೀರಿ ಎಂದು ಕೇಳಿ. ಉತ್ತರವನ್ನು ನೂರರಿಂದ ಭಾಗಿಸಲು ಕ್ಯಾಲ್ಕುಲೇಟರ್ ಕೂಡ ಬೇಕಿಲ್ಲ.